ಮಾವನ ಗಾಡಿಗೆ ಡ್ರಿಪ್ಸು

ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಪೆಟ್ರೋಲ್ ವಾಸನೆ ಬಂದಾಗ ಅಳಿಯ ಮೂಗು ಮುಚ್ಚಿಕೊಂಡು ಪೇಪರ್ ಓದುತ್ತ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲ. ಎದ್ದು ಹೋಗಿ ಮಾವನ ಹಳೇ ಮೋಟರ್‌ಸೈಕಲ್ಲಿನ ಕೆಳಗೆ ಬಗ್ಗಿ ನೋಡಿದ. ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ನಿನ್ನೆ ಧೂಳು ಒರೆಸುವಾಗ ತಾನೇ ಏನೋ ತಿರುಗಿಸಿಬಿಟ್ಟೆ ಅಂದುಕೊಂಡ.

ಆ ಗಾಡಿ ಅಂದರೆ ಮಾವನಿಗೆ ಪ್ರಾಣ ಅಂತ ನೆಂಟರಿಗೆಲ್ಲ ಗೊತ್ತು. ಊರಿಗೆ ಹೊರಡುವಾಗ ತಾವೇ ಓಡಿಸಿಕೊಂಡು ಬಂದು ಇಲ್ಲಿ ನಿಲ್ಲಿಸಿ, "ನೋಡ್ಕೊಳ್ಳಿ ಅಳಿಯಂದ್ರೇ" ಅಂದಿದ್ದರು. ಮದುವೆಯಾದಾಗಿನಿಂದ ಅವರು ಇವನ ಕೈಗೆ ಒಂದು ಸ್ಕ್ರೂಡ್ರೈವರನ್ನೂ ಕೊಟ್ಟವರಲ್ಲ. ಕೊಡುವುದಾದರೂ ಹೇಗೆ? ಇವನು ಮುಟ್ಟಿದ ಗಡಿಯಾರ ನಿಂತಿತ್ತು, ಇಸ್ತ್ರಿಪೆಟ್ಟಿಗೆ ಸುಟ್ಟಿತ್ತು, ಅತ್ತೆ ಮನೆಯ ನಲ್ಲಿಯಂತೂ ಕೈಗೇ ಕಿತ್ತು ಬಂದಿತ್ತು. ಅಂಥವನನ್ನು ನಂಬಿ ಗಾಡಿ ಬಿಟ್ಟಿದ್ದಾರೆ! ಸಂಜೆ ರೈಲಿಗೆ ಬಂದು ಹೀಗೆ ಸೋರುವುದನ್ನು ಕಂಡರೆ ಮುಗಿಯಿತು. ಆ ಬಾಯಲ್ಲಿ ಒಮ್ಮೆ "ಭೇಷ್" ಅನ್ನಿಸಿಕೊಳ್ಳಬೇಕೆಂದು ಪಾಪ, ಇವನು ಎಷ್ಟು ವರ್ಷದಿಂದ ಕಾದಿದ್ದ.

"ಮೆಕ್ಯಾನಿಕ್ಕನ್ನ ಕರೀರಿ" ಅಂದಳು ಹೆಂಡತಿ.

"ಇವತ್ತು ಅಂಗಡಿ ರಜ. ನಾನೇ ನೋಡ್ತೀನಿ."

"ಅಯ್ಯೋ, ನಿಮ್ಮ ದಮ್ಮಯ್ಯ, ಬೇಡಾರೀ!"

ಅಷ್ಟು ಹೊತ್ತಿಗೆ ಕಾರ್ಬುರೇಟರಿನ ಬಟ್ಟಲು ಅವನ ಕೈಯಲ್ಲಿತ್ತು.

ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡಿನ ಹಾಗೆ ಅದರೊಳಗೂ ಒಂದು ಫ್ಲೋಟ್. ಪೆಟ್ರೋಲ್ ಸಾಕಷ್ಟು ತುಂಬಿದ ಕೂಡಲೇ ಅದು ಮೇಲೆದ್ದು ದಾರಿ ಮುಚ್ಚಬೇಕು. ಮುಚ್ಚದಿದ್ದರೆ ಅದರ ಹಿತ್ತಾಳೆ ನಾಲಿಗೆಯನ್ನು ಸ್ವಲ್ಪ ಬಗ್ಗಿಸಬೇಕು. ಆದರೆ ಮುಚ್ಚಿದ ಬಟ್ಟಲೊಳಗೆ ಮಟ್ಟ ಎಷ್ಟಿದೆ ಅಂತ ಕಾಣುವುದು ಹೇಗೆ? ತಳದ ಸ್ಕ್ರೂ ಬಿಚ್ಚಿ ಆ ತೂತಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ ಮೇಲಕ್ಕೆತ್ತಿ ಹಿಡಿದರೆ, ಒಳಗಿನ ಮಟ್ಟವೇ ಕೊಳವೆಯಲ್ಲೂ ಕಾಣುತ್ತದೆ! ಈ ಉಪಾಯ ಹೊಳೆದಾಗ ಅಳಿಯನಿಗೆ ತನ್ನ ಮೇಲೆ ತನಗೇ ಗೌರವ ಬಂತು.

ಕೊಳವೆ ಕೊಟ್ಟವರು ಮಹಡಿಯ ನರ್ಸಮ್ಮ. "ಡ್ರಿಪ್ಸ್ ಹಾಕೋ ಟ್ಯೂಬು, ಹೊಸದು. ಯಾರಿಗೆ ಹುಷಾರಿಲ್ಲ?" ಅನ್ನುತ್ತ ಹಿಂದೆಯೇ ಇಳಿದು ಬಂದರು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕುರ್ಚಿ ಸಮೇತ ಬಂದು ಕೂತರು. ಅಳಿಯ ಹಳೇ ಪೆನ್ನಿನ ಮೂತಿ ಕತ್ತರಿಸಿ, ಟ್ಯೂಬಿಗೆ ಜೋಡಿಸಿ, ದಾರ ಸುತ್ತಿ, ಸೋಪು ಮೆತ್ತಿ ತಳದ ತೂತಿಗೆ ತುರುಕಿ, ಬಟ್ಟಲನ್ನು ಮತ್ತೆ ಕೂರಿಸಿದ. ಮಟ್ಟ ಎಲ್ಲಿ ನಿಲ್ಲಬೇಕೋ ಅಲ್ಲಿ ಹೆಂಡತಿಯ ಉಗುರು ಬಣ್ಣದಿಂದ ಕೆಂಪು ಗೆರೆ ಎಳೆದ.

ಪೆಟ್ರೋಲ್ ಬಿಟ್ಟ. ಟ್ಯೂಬಿನಲ್ಲಿ ಅದು ಏರಿತು, ಏರಿತು, ಗೆರೆ ದಾಟಿ ಇನ್ನೂ ಏರಿತು.

"ಹೀಗಾದ್ರೆ ಏನ್ ಮಾಡ್ಬೇಕು ಅಂದ್ರೆ..." ಅನ್ನುತ್ತ ಮೇಷ್ಟ್ರು ಯೋಚನೆಯಲ್ಲೇ ಸಿಗರೇಟು ಬಾಯಿಗಿಟ್ಟು ಬೆಂಕಿಕಡ್ಡಿ ತೆಗೆದರು.

"ಮೇಷ್ಟ್ರೇ!" ಮೂವರೂ ಕಿರುಚಿದರು. ನರ್ಸಮ್ಮ ಹಾರಿ ಬೆಂಕಿಪೊಟ್ಟಣ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿದರು.

ಅಳಿಯ ಬಟ್ಟಲು ಬಿಚ್ಚಿ ನಾಲಿಗೆಯನ್ನು ಆ ಕಡೆ ಬಗ್ಗಿಸಿದ. ಮಟ್ಟ ಪಾತಾಳಕ್ಕಿಳಿಯಿತು. ಈ ಕಡೆ ಬಗ್ಗಿಸಿದ. ಉಕ್ಕಿ ಹರಿಯಿತು. "ಇನ್ನೂ ಸ್ವಲ್ಪ" ಅಂತ ಮೇಷ್ಟ್ರು, "ಸಾಕು ಬಿಡ್ರೀ" ಅಂತ ಹೆಂಡತಿ. ಬಗ್ಗಿಸಿ ಬಗ್ಗಿಸಿ ಹಿತ್ತಾಳೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಇನ್ನೊಮ್ಮೆ ಜೋರಾಗಿ ಬಗ್ಗಿಸಿದರೆ ಮುರಿಯುವುದು ಖಂಡಿತ. ಇಷ್ಟು ಹಳೇ ಗಾಡಿಯ ಫ್ಲೋಟ್ ಬೇರೆ ಎಲ್ಲೂ ಸಿಗುವುದಿಲ್ಲ.

ಅಷ್ಟರಲ್ಲಿ ಒಳಗೆ ಫೋನು. ಹೆಂಡತಿ ಓಡಿ ಹೋಗಿ ಓಡಿ ಬಂದಳು. "ಅಪ್ಪ ಅಮ್ಮ ಸ್ಟೇಷನ್ನಲ್ಲಿ ಇಳಿದ್ರಂತೆ. ಸೀದಾ ಇಲ್ಲಿಗೇ ಬರ್ತಿದಾರೆ!"

ಅಳಿಯನಿಗೆ ಅಳುವೇ ಬಂತು.

"ಅಲ್ಲಾ, ರೋಗಿ ಹೀಗೆ ಸೊಟ್ಟಗೆ ಮಲಗಿದ್ರೆ ಲೆವೆಲ್ಲು ಸರಿಯಾಗಿ ಹೇಗ್ರೀ ತೋರಿಸುತ್ತೆ?" ಅಂದರು ನರ್ಸಮ್ಮ.

ಎಲ್ಲರೂ ನೋಡಿದರು. ಬೆಳಗಿನಿಂದ ಗಾಡಿ ಸೈಡ್ ಸ್ಟ್ಯಾಂಡಿನಲ್ಲೇ ವಾಲಿಕೊಂಡು ನಿಂತಿತ್ತು.

"ಅದನ್ನೇ ನಾನು ಹೇಳೋಣ ಅಂತಿದ್ದೆ" ಅಂದರು ಮೇಷ್ಟ್ರು.

ಎಲ್ಲರೂ ಸೇರಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದರು. ನರ್ಸಮ್ಮ ಟ್ಯೂಬು ಹಿಡಿದರು. ಅಳಿಯ ಉಸಿರು ಬಿಗಿಹಿಡಿದು, ಮಗುವಿನ ಕಿವಿ ಮುಟ್ಟಿದಂತೆ ನಾಲಿಗೆಯನ್ನು ಒಂಚೂರೇ ಚೂರು ಒತ್ತಿದ. ಮುರಿಯಲಿಲ್ಲ. ಬಟ್ಟಲು ಮುಚ್ಚಿ ಪೆಟ್ರೋಲ್ ಬಿಟ್ಟ. ಏರಿತು. ಗೆರೆಯ ಹತ್ತಿರ ಬಂತು. ನಿಂತಿತು! ಅಲ್ಲಾಡಲೇ ಇಲ್ಲ ಅದು.

ಟ್ಯೂಬು ಕಿತ್ತು, ಸ್ಕ್ರೂ ಬಿಗಿದು ಕಿಕ್ ಹೊಡೆದ. ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟಾಯಿತು. ಹೆಂಡತಿ ಕಣ್ಣರಳಿಸಿ ಗಂಡನನ್ನು ಹೊಸದಾಗಿ ನೋಡಿದಳು. ಗೇಟಿನ ಮುಂದೆ ಆಟೋ ನಿಂತಿತು.

ಮೊದಲು ಇಳಿದವರು ಅತ್ತೆ. "ಏನ್ರೀ ಇದು! ಇದು ಇಷ್ಟು ಚೆನ್ನಾಗಿ ಓಡಿದ್ದನ್ನ ನಾನು ಕೇಳೇ ಇರ್ಲಿಲ್ಲ. ಅಳಿಯಂದ್ರು ಮಾಡಿದ್ದಾ? ಶಭಾಷ್! ನೋಡಿದ್ರಾ, ಇನ್ನು ಹತ್ತು ವರ್ಷ ಏನೂ ಆಗಲ್ಲ ಇದಕ್ಕೆ" ಅನ್ನುತ್ತ ಮಗಳ ಜೊತೆ ಒಳಗೆ ಹೋದರು.

ಮಾವ ಮಾತ್ರ ಗಾಡಿಯನ್ನೇ ನೋಡುತ್ತ ನಿಂತರು. ಅವರ ಮುಖ ಇಳಿದು ಹೋಗಿತ್ತು. ಅಳಿಯ ಕೈಯ ಗ್ರೀಸು ಒರೆಸಿಕೊಂಡು, ಹಲ್ಲು ಕಿರಿದು ಹತ್ತಿರ ಹೋದ. ಅವರು ಅವನ ರಟ್ಟೆ ಹಿಡಿದು ಗೋಡೆಯ ಮರೆಗೆ ಎಳೆದುಕೊಂಡು ಹೋದರು.

"ಅಲ್ರೀ, ನಮ್ಮನೆ ಎದುರಿಗೇ ಮೆಕ್ಯಾನಿಕ್ ಇದಾನೆ. ಅವನನ್ನ ಬಿಟ್ಟು ನಿಮ್ಮ ಹತ್ರ ಯಾಕೆ ತಂದು ನಿಲ್ಲಿಸಿದೆ ಅಂದ್ಕೊಂಡ್ರಿ?"

"ನಂಬಿಕೆಯಿಂದ..."

"ಹೂಂ, ನಂಬಿಕೆಯಿಂದಲೇ! ಇದು ಪೂರ್ತಿ ಕೆಟ್ಟು ಕೂತ ಮೇಲೇ ಹೊಸ ಗಾಡಿ ಅಂತ ನಿಮ್ಮತ್ತೆ ಹಟ. ಆಗಾಗ ಸೋರೋದು ನಂಗೊತ್ತಿತ್ತು. ಕಂಡ ಕೂಡಲೇ ನೀವು ಕೈ ಹಾಕೇ ಹಾಕ್ತೀರಿ, ಹಾಕಿದ್ರೆ ಗಾಡಿ ಕತೆ ಮುಗೀತು ಅಂತ ದಾರೀಲಿ ಹೊಸದರ ಬಣ್ಣ ಕೂಡ ಯೋಚಿಸಿಟ್ಟಿದ್ದೆ."

ಅಳಿಯ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಮದುವೆಯಾದಾಗಿನಿಂದ ನಿಮಗೆ ಅಂತ ವಹಿಸಿದ್ದು ಇದೊಂದೇ ಕೆಲಸ," ಮಾವ ಹಣೆ ಚಚ್ಚಿಕೊಂಡರು, "ಇದನ್ನೂ ಸರಿಯಾಗಿ ಮಾಡೋಕಾಗಲಿಲ್ವಲ್ರೀ ನಿಮ್ಮ ಕೈಲಿ!"