ನಕ್ಕರೆ ಮಾತ್ರ ಕ್ಲಿಕ್

ಎಲ್ಲ ಶುರುವಾದದ್ದು ಒಂದು ಕರಿ ಪ್ಲಾಸ್ಟಿಕ್ ಚೀಲದಿಂದ. ಬಾಯಿ ಕಟ್ಟಿದ, ತಳದಲ್ಲಿ ಸೋರುವ, ಮೊಟ್ಟೆ ಸಿಪ್ಪೆಯೂ ಹಳಸಿದ ಅಡುಗೆಯೂ ಒಟ್ಟಿಗೆ ನಾರುವ ಚೀಲ. ಯಾವನೋ ಪುಣ್ಯಾತ್ಮ ಅದನ್ನು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಡಾಕ್ಟರು ಬರೆದುಕೊಟ್ಟ ಮಾತ್ರೆಯ ಹಾಗೆ ತಪ್ಪದೆ ಕುಕ್ಕರ್‌ನ ಗೇಟಿನ ಮುಂದೆ ಇಟ್ಟು ಹೋಗುತ್ತಿದ್ದ. ಅದೂ ಎರಡು ತಿಂಗಳಿಂದ! ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ ಹೇಳಿ.

ಕುಕ್ಕರ್ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿರುವ ಈ ಗುಮಾಸ್ತ ಸಿಟ್ಟು ಬಂದಾಗ ಮೂಗಿನಿಂದ ‘ಸುಂಯ್’ ಎಂದು ಉಸಿರು ಬಿಡುತ್ತಾನೆ. ಅದನ್ನು ಕೇಳಿ ಕೇಳಿ ಸಹೋದ್ಯೋಗಿಗಳು ಇಟ್ಟ ಹೆಸರು. ದಿನಾ ಬೆಳಿಗ್ಗೆ ಮುದ್ರೆಯ ತಾರೀಕು ತಿರುಗಿಸುವುದು ಅವನ ಮೊದಲ ಕೆಲಸ. ಯಾರ ಮೇಲಾದರೂ ರೇಗುವುದು ಎರಡನೆಯದು.

ಆ ದಿನ ಬೆಳಿಗ್ಗೆ ಗೇಟು ತೆಗೆದರೆ ಚೀಲದ ಪಕ್ಕದಲ್ಲಿ ನಗರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ಕೂಡ ನಿಂತಿದ್ದರು. ಕೈಯಲ್ಲಿ ನೋಟಿಸು.

“ಇದು ಮೂರನೇದು. ಇವತ್ತು ಸಂಜೆ ಐದಕ್ಕೆ ಬಂದು ನಿಮ್ಮ ಗೇಟಿಗೆ ಬೋರ್ಡು ಹೊಡೀತೀವಿ” ಎಂದರು.

“ಏನು ಬೋರ್ಡು?”

“‘ಈ ಮನೆಯವರು ಬೀದಿಗೆ ಕಸ ಎಸೆಯುತ್ತಾರೆ’ ಅಂತ. ಆರು ತಿಂಗಳು ಇರುತ್ತೆ.”

“ರೀ ಸ್ವಾಮೀ, ಕಸ ನಮ್ಮದಲ್ಲ! ಯಾರೋ ತಂದು ಸುರೀತಿದಾರೆ. ನನ್ನ ಕೈಗೆ ಸಿಕ್ಕರೆ ಗ್ರಹಚಾರ ಬಿಡಿಸ್ತೀನಿ!”

“ಗ್ರಹಚಾರ ಬೇಡ, ಫೋಟೋ ತನ್ನಿ. ಮೂಲೇಲಿ ತಾರೀಕು, ಟೈಮು ಅಚ್ಚಾಗಿರ್ಬೇಕು. ಫೋನಿಂದು ನಡೆಯಲ್ಲ. ಹೋದ ತಿಂಗಳು ಯಾರೋ ಫೋನಲ್ಲೇ ನಮ್ಮ ಸಾಹೇಬರ ತಲೇನ ಎಮ್ಮೆ ಮೈಗೆ ಅಂಟಿಸಿ ಕಳಿಸಿದ್ರು. ಅವತ್ತಿಂದ ರೂಲ್ಸು.”

ಕುಕ್ಕರ್ ಸುಂಯ್ ಎಂದ. ಊರಿನ ಅರ್ಧ ಜನ ಪಾರ್ಸೆಲ್ಲು ಹಿಡಿದು ಅವನ ಕೌಂಟರಿಗೇ ಬರುವವರು. ಈ ಬೋರ್ಡು ಗೇಟಿಗೆ ಬಿದ್ದ ಮೇಲೆ ಯಾವ ಮುಖ ಇಟ್ಟುಕೊಂಡು ಅಲ್ಲಿ ಕೂರುವುದು? ಮಾನ ಮೂರು ಕಾಸಿಗೆ ಹರಾಜಾದ ಹಾಗೆ.

“ಅದಕ್ಯಾಕೆ ಅಷ್ಟೊಂದು ತಲೆ ಕೆಡಿಸ್ಕೋತೀರಿ?” ಎಂದು ಕಾಂಪೌಂಡಿನ ಆ ಕಡೆಯಿಂದ ಬೋಳುತಲೆಯೊಂದು ಮೇಲೆದ್ದಿತು. ಪಕ್ಕದ ಮನೆಯ ಮೇಷ್ಟ್ರು. ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮೂಗು ತೂರಿಸದೆ ಇದ್ದವರಲ್ಲ. “ಒಂದು ಚಿಕ್ಕ ಡಿಜಿಟಲ್ ಕ್ಯಾಮೆರಾ ತಗೊಳ್ಳಿ. ಆರಿಸೋಕೆ ನಾನು ಬರ್ತೀನಿ. ನಿಮ್ಮನ್ನ ಒಬ್ಬರನ್ನೇ ಕಳಿಸಿದ್ರೆ ಅಂಗಡಿಯವರು ಟೋಪಿ ಹಾಕ್ತಾರೆ.”

ರಜೆ ಕೇಳಲು ಅಂಚೆ ಕಚೇರಿಗೆ ಹೋದರೆ ಅಲ್ಲಿಯೂ ಕಾಟ. ಪೋಸ್ಟ್‌ಮಾಸ್ಟರು ರಜೆ ಚೀಟಿಗೆ ಸಹಿ ಹಾಕುವ ಮೊದಲು ಮೆಗಾಪಿಕ್ಸೆಲ್ ಬಗ್ಗೆ ಕಾಲು ಗಂಟೆ ಕೊರೆದರು. ಸ್ಟಾಂಪ್ ಕೌಂಟರಿನ ಅಕ್ಕ, “ಕೆಂಪು ಬಣ್ಣದ್ದು ತಗೊಳ್ಳಿ, ಕಳೆದುಹೋದ್ರೆ ಬೇಗ ಕಾಣ್ಸುತ್ತೆ” ಎಂದರು. ಝೂಮ್ ಇಲ್ಲದಿದ್ದರೆ ಕ್ಯಾಮೆರಾವೇ ಅಲ್ಲ ಎಂದು ಇನ್ನೊಬ್ಬ ಹಟ ಹಿಡಿದ.

“ಕಸ ನನ್ನ ಗೇಟಿನ ಮುಂದೇನೇ ಬಿದ್ದಿದೆ ಕಣಯ್ಯಾ! ನಾಲ್ಕು ಅಡಿ ದೂರಕ್ಕೆ ಝೂಮ್ ಯಾಕೆ?” ಎಂದು ಕುಕ್ಕರ್ ಕೂಗಿದ್ದಕ್ಕೆ ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು ತನ್ನ ಮೇಲೇ ರೇಗಿದನೆಂದು ಪಾರ್ಸೆಲ್ಲು ಎತ್ತಿಕೊಂಡು ವಾಪಸು ಹೋದಳು.

ಕ್ಯಾಮೆರಾ ಅಂಗಡಿ ಹೊಕ್ಕಾಗ ಹನ್ನೊಂದೂವರೆ. ಗಾಜಿನ ಕಪಾಟಿನ ತುಂಬ ಸೋಪಿನ ಡಬ್ಬಿಯಷ್ಟು ಪುಟ್ಟ ಕ್ಯಾಮೆರಾಗಳು, ಬೆಲೆ ಮಾತ್ರ ಫ್ರಿಜ್ಜಿನಷ್ಟು. ಅಂಗಡಿಯಾಕೆ ಒಂದೊಂದೇ ತೆಗೆದು, ಇದು ನೀರಿನಲ್ಲಿ ಮುಳುಗಿದರೂ ಕೆಡಲ್ಲ, ಇದು ಹಕ್ಕಿ ಹಾರುವಾಗಲೂ ಹಿಡಿಯುತ್ತೆ ಎಂದು ಹೇಳತೊಡಗಿದಳು.

“ಮುಳುಗೋದೂ ಇಲ್ಲ, ಹಾರೋದೂ ಇಲ್ಲ! ದಿನಾ ತೆಗೆಯೋ ಫೋಟೋ, ಮೂಲೇಲಿ ತಾರೀಕು, ಜೇಬಿಗೆ ಹಿಡಿಸೋ ಬೆಲೆ. ಅಷ್ಟು ಕೊಡಮ್ಮಾ” ಎಂದು ಕುಕ್ಕರ್ ಮೇಜು ಗುದ್ದಿದ.

ಆಕೆ ಹೆದರಿ ಕೆಳಗಿನ ಖಾನೆಯಿಂದ ಒಂದನ್ನು ತೆಗೆದಳು. “ಇದು ಅರ್ಧ ಬೆಲೆಗೇ ಸಿಗುತ್ತೆ ಸಾರ್, ಪ್ರದರ್ಶನಕ್ಕೆ ಇಟ್ಟಿದ್ದು. ಒಂದೇ ಒಂದು ಐಬು. ಎದುರಿಗಿರೋರು ನಕ್ಕಾಗ ತಾನಾಗೇ ಕ್ಲಿಕ್ ಅನ್ನೋ ಸೌಕರ್ಯ ಇದೆ. ಅದನ್ನ ಆಫ್ ಮಾಡೋಕಾಗ್ತಿಲ್ಲ, ಅಲ್ಲೇ ಸಿಕ್ಕಿಹಾಕ್ಕೊಂಡಿದೆ. ನಕ್ಕರೆ ಮಾತ್ರ ತೆಗೆಯುತ್ತೆ.”

ಪರೀಕ್ಷೆಗೆಂದು ಅದನ್ನು ಕುಕ್ಕರ್‌ನ ಮುಖಕ್ಕೆ ಹಿಡಿದಳು. ಕ್ಯಾಮೆರಾ ಸುಮ್ಮನಿತ್ತು. ಇನ್ನೂ ಹತ್ತಿರ ಹಿಡಿದಳು. ಅದು ಕಮಕ್ ಕಿಮಕ್ ಎನ್ನಲಿಲ್ಲ.

“ಕೆಟ್ಟಿಲ್ಲ ಸಾರ್, ನೀವು ಸ್ವಲ್ಪ ನಗಿ.”

“ನಗೋ ಹಾಗಿದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?” ಸುಂಯ್!

ಮೇಷ್ಟ್ರು ಮಧ್ಯೆ ಬಂದು ಮುವ್ವತ್ತೆರಡೂ ಹಲ್ಲು ಬಿಟ್ಟರು. ಕ್ಲಿಕ್.

“ಇದೇ ಸರಿ” ಎಂದರು ಮೇಷ್ಟ್ರು. “ಕಿಟಕಿ ಮೇಲೆ ಇಟ್ಟುಬಿಟ್ರಾಯ್ತು, ನೀವು ಕಾಯೋದೇ ಬೇಡ.”

“ಕಸ ಹಾಕೋನು ನಗ್ತಾನಾ ಮೇಷ್ಟ್ರೇ?”

“ತನ್ನ ಮನೆ ಕಸ ಕಂಡೋರ ಬಾಗಿಲಿಗೆ ಹೋಯ್ತು ಅಂದ್ರೆ ನಗದೆ ಅಳ್ತಾನಾ?”

ಮಾತು ಸರಿಯೆನಿಸಿತು, ಬೆಲೆಯಂತೂ ಇನ್ನೂ ಸರಿಯೆನಿಸಿತು. ದುಡ್ಡು ಕೊಡುವಷ್ಟರಲ್ಲಿ ಮೇಷ್ಟ್ರು ಕ್ಯಾಮೆರಾ ಎತ್ತಿಕೊಂಡಿದ್ದರು. “ತಾರೀಕು ನಾನು ಹಾಕಿಕೊಡ್ತೀನಿ. ನೀವು ದಬಾ ದಬಾ ಮುದ್ರೆ ಹೊಡೆಯೋ ಕೈಯವರು, ಇದು ನಾಜೂಕು ಕೆಲಸ.” ದಾರಿಯುದ್ದಕ್ಕೂ ಗುಂಡಿ ಒತ್ತುತ್ತಲೇ ಬಂದರು.

ಮನೆಗೆ ಬಂದು ಕಿಟಕಿಯ ಕಟ್ಟೆಯ ಮೇಲೆ ಕ್ಯಾಮೆರಾವನ್ನು ಗೇಟಿನ ಕಡೆಗೆ ತಿರುಗಿಸಿ ಇಟ್ಟದ್ದಾಯಿತು. ಕುಕ್ಕರ್ ಪರದೆಯ ಹಿಂದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತ. ಹೆಂಡತಿ ಊಟಕ್ಕೆ ಕರೆದಳು, ಏಳಲಿಲ್ಲ. ಮೂರು ಗಂಟೆಗೆ ಬಾಯಾರಿಕೆ ತಾಳದೆ ಒಂದೇ ಒಂದು ಸಲ ನೀರು ಕುಡಿಯಲು ಅಡುಗೆಮನೆಗೆ ಹೋದ. ಲೋಟ ಬಾಯಿಗಿಟ್ಟಿದ್ದ ಅಷ್ಟೇ.

ಕ್ಲಿಕ್!

ಓಡಿ ಬಂದ. ಗೇಟಿನ ಮುಂದೆ ಕರಿ ಚೀಲ, ಬೀದಿ ಖಾಲಿ. ಕ್ಯಾಮೆರಾದ ಪರದೆ ನೋಡಿದರೆ ತಲೆ ಗಿರ್ರೆಂದಿತು. ಚೀಲದ ಕಿವಿ ಹಿಡಿದುಕೊಂಡು, ನೇರವಾಗಿ ಕ್ಯಾಮೆರಾವನ್ನೇ ನೋಡುತ್ತ, ಮುವ್ವತ್ತೆರಡೂ ಹಲ್ಲು ಬಿಟ್ಟು ನಿಂತಿದ್ದವರು ಮೇಷ್ಟ್ರು! ಬೆಳಿಗ್ಗೆಯಿಂದ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದ ಅದೇ ಮೇಷ್ಟ್ರು!

“ಅಯ್ಯೋ ಪಾಪಿ! ಮನೆಹಾಳ!” ಎಂದು ಅವನು ಕೂಗಿದ್ದಕ್ಕೆ ಹೆಂಡತಿಯ ಕೈಯಿಂದ ಸೌಟು ಬಿತ್ತು. ಎದುರು ಮನೆಯವರು ಬಾಗಿಲಿಗೆ ಬಂದರು. ಕುಕ್ಕರ್ ಮಾತ್ರ ಗೇಟು ದಾಟಲಿಲ್ಲ. ಈಗ ಜಗಳ ಮಾಡಿದರೆ ಆ ಮುದುಕ ಕ್ಯಾಮೆರಾ ಕಿತ್ತುಕೊಂಡರೂ ಕಿತ್ತುಕೊಂಡಾನು. ಐದಕ್ಕೆ ಇನ್ಸ್‌ಪೆಕ್ಟರ್ ಬರಲಿ, ಇಡೀ ಬೀದಿಯ ಮುಂದೆ ನೀರಿಳಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಎರಡು ಗಂಟೆ ಕೂತ.

ಐದಕ್ಕೆ ಸರಿಯಾಗಿ ಇನ್ಸ್‌ಪೆಕ್ಟರ್ ಬಂದರು. ಹಿಂದೆ ಸುತ್ತಿಗೆ ಹಿಡಿದ ಕೆಲಸಗಾರ, ಅವನ ಕಂಕುಳಲ್ಲಿ ಕೆಂಪಕ್ಷರದ ಬೋರ್ಡು. ಬೀದಿಯೇ ನೆರೆಯಿತು. ಮೇಷ್ಟ್ರೂ ಬಂದು ಮುಂದಿನ ಸಾಲಿನಲ್ಲಿ ನಿಂತರು.

“ನೋಡಿ ಸ್ವಾಮಿ, ನೋಡಿ! ಕಳ್ಳ ಇಲ್ಲೇ ನಿಂತಿದಾನೆ!”

ಇನ್ಸ್‌ಪೆಕ್ಟರ್ ಕ್ಯಾಮೆರಾ ತೆಗೆದುಕೊಂಡು, ಕನ್ನಡಕ ಏರಿಸಿ ನೋಡಿದರು. ಮೇಷ್ಟ್ರನ್ನು ನೋಡಿದರು. ಮತ್ತೆ ಪರದೆ ನೋಡಿದರು.

“ಮೇಷ್ಟ್ರೇ ಇದು, ಅನುಮಾನ ಇಲ್ಲ. ಆದ್ರೆ ತಾರೀಕು ಹದಿಮೂರು ವರ್ಷ ಹಿಂದಿಂದು.”

ಕುಕ್ಕರ್ ಕ್ಯಾಮೆರಾ ಕಿತ್ತುಕೊಂಡು ನೋಡಿದ. ಹೌದು. ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಹದಿಮೂರು ವರ್ಷದ ಹಿಂದಿನ ಒಂದು ಸೋಮವಾರ ಮಿನುಗುತ್ತಿತ್ತು.

“ಇವರೇ ಹಾಕಿದ್ದು! ಬೇಕೂ ಅಂತ ತಪ್ಪು ತಾರೀಕು ಹಾಕಿದಾರೆ! ಕ್ಯಾಮೆರಾ ಕೊಂಡಿದ್ದೇ ಇವತ್ತು, ಬಿಲ್ಲು ತೋರಿಸ್ತೀನಿ!”

“ರೂಲ್ಸಲ್ಲಿ ಫೋಟೋದ ತಾರೀಕು ನೋಡಿ ಅಂತಿದೆ. ಬಿಲ್ಲು ನೋಡಿ ಅಂತಿಲ್ಲ.”

“ಅಂಗಿ ನೋಡ್ರೀ! ಫೋಟೋದಲ್ಲಿರೋ ಅಂಗೀನೇ ಮೈಮೇಲಿದೆ!”

“ಗಟ್ಟಿ ಬಟ್ಟೆ” ಎಂದರು ಮೇಷ್ಟ್ರು ಅಂಗಿಯನ್ನು ಸವರಿಕೊಂಡು. “ನಾನು ಸಾಮಾನನ್ನ ಜೋಪಾನವಾಗಿ ಇಟ್ಕೊಳ್ಳೋನು. ಹದಿಮೂರು ವರ್ಷದ ಹಿಂದೆ ಒಂದು ಚೀಲ ಇಟ್ಟಿರಬಹುದು ಸಾರ್. ಆಗ ತಿಳಿವಳಿಕೆ ಕಮ್ಮಿ.”

“ತಲೆ? ಆಗ್ಲೂ ಬೋಳೇನಾ?” ಎಂದು ಕುಕ್ಕರ್ ಕೂಗಿದ.

“ಆಗ್ಲೂ ಬೋಳೇ.”

ಜನ ಗೊಳ್ಳೆಂದರು. ಹೆಂಡತಿ ಹಣೆ ಚಚ್ಚಿಕೊಂಡಳು. “ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಎದ್ದು ತಾರೀಕು ತಿರುಗಿಸೋರು ನೀವು! ಇವತ್ತೊಂದು ದಿನ ಇದರ ತಾರೀಕು ನೋಡೋಕೆ ನಿಮಗೇನಾಗಿತ್ತು?” ಕುಕ್ಕರ್‌ನ ಮೂಗಿನಿಂದ ಉಗಿ ಮಾತ್ರ ಬಂತು. ಸುಂಯ್!

ಠಕ್ ಠಕ್ ಎಂದು ನಾಲ್ಕು ಮೊಳೆ ಬಿದ್ದವು. ‘ಈ ಮನೆಯವರು ಬೀದಿಗೆ ಕಸ ಎಸೆಯುತ್ತಾರೆ.’

“ಇನ್ನೊಂದು ಕೆಲಸ” ಎಂದರು ಇನ್ಸ್‌ಪೆಕ್ಟರ್. “ಬೋರ್ಡಿನ ಪಕ್ಕ ಮನೆ ಯಜಮಾನರು ನಿಂತಿರೋ ಫೋಟೋ ಫೈಲಿಗೆ ಬೇಕು, ತಾರೀಕಿನ ಸಮೇತ. ನಮ್ಮ ಆಫೀಸಿನ ಕ್ಯಾಮೆರಾ ರಿಪೇರಿಗೆ ಹೋಗಿದೆ. ನಿಮ್ಮದು ಇದೆಯಲ್ಲ, ಕೊಡಿ.”

“ನನ್ನ ಕ್ಯಾಮೆರಾದಲ್ಲೇ ನನ್ನ ಮಾನ ತೆಗೀತೀರಾ? ಕೊಡಲ್ಲ!”

“ಸರ್ಕಾರಿ ನೌಕರರು ನೀವು. ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಬರೀಲಾ?”

ಕೊಟ್ಟ. ಕೊಡದೆ ಏನು ಮಾಡಿಯಾನು? ಮೇಷ್ಟ್ರು ಅದನ್ನು ಇಸಿದುಕೊಂಡು ಪಟಪಟನೆ ನಾಲ್ಕು ಗುಂಡಿ ಒತ್ತಿ, “ತಾರೀಕು ಈಗ ಸರಿಹೋಯ್ತು ನೋಡಿ ಸಾರ್” ಎಂದು ಬೋರ್ಡಿನ ಪಕ್ಕ ನಿಂತ ಕುಕ್ಕರ್‌ನ ಮುಖಕ್ಕೆ ಹಿಡಿದರು.

ಕ್ಯಾಮೆರಾ ಸುಮ್ಮನಿತ್ತು. ಒಂದು ನಿಮಿಷ, ಐದು ನಿಮಿಷ, ಕಾಲು ಗಂಟೆ. ಕುಕ್ಕರ್‌ನ ಹುಬ್ಬು ಗಂಟು ಬಿಚ್ಚಲಿಲ್ಲ. ಇನ್ಸ್‌ಪೆಕ್ಟರ್ ನಗಿ ಎಂದರು. ಮೇಷ್ಟ್ರು ಚೇಷ್ಟೆ ಮಾಡಿದರು. ಎದುರು ಮನೆಯಾತ ಮಂಗನ ಹಾಗೆ ಕುಣಿದ. ಉಹುಂ.

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. “ಬೇಗ ಆಗ್ಲಿ ಮೇಷ್ಟ್ರೇ. ಆರು ಗಂಟೆ ಒಳಗೆ ಫೋಟೋ ಆಗದಿದ್ರೆ ಬೋರ್ಡು ಕೀಳ್ಬೇಕು. ನೋಟಿಸು ರದ್ದು.”

ಆ ಮಾತು ಕುಕ್ಕರ್‌ನ ಕಿವಿಗೆ ಬಿದ್ದದ್ದೇ ತಡ, ಅವನು ಕಂಬದ ಹಾಗೆ ನಿಂತ. ನಗಬಾರದು, ಅಷ್ಟೇ ತಾನೆ? ನಗದೆ ಇರುವುದು ಅವನಿಗೆ ಯಾವ ಕಷ್ಟ? ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ. ತುಟಿ ಬಿಗಿದ, ದವಡೆ ಕಚ್ಚಿದ. ಐದೂ ಐವತ್ತಾಯಿತು. ಐವತ್ತೈದಾಯಿತು. ಮೇಷ್ಟ್ರು ಕ್ಯಾಮೆರಾವನ್ನು ಇನ್ನೊಂದು ಕೈಗೆ ಬದಲಾಯಿಸಿ ಹಿಡಿದರು.

ಐದು ಐವತ್ತೊಂಬತ್ತಕ್ಕೆ ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟು ಕೆಲಸಗಾರನಿಗೆ, “ಆಗಲ್ಲ ಬಿಡು. ಕಿತ್ತುಬಿಡಪ್ಪಾ ಬೋರ್ಡನ್ನ” ಎಂದರು. ಸುತ್ತಿಗೆಯ ಕೊಕ್ಕೆ ಮೊದಲ ಮೊಳೆಗೆ ಸಿಕ್ಕಿತು, ಮೊಳೆ ಕಿರ್ರೆಂದು ಸಡಿಲವಾಯಿತು. ಬೆಳಿಗ್ಗೆಯಿಂದ ಹಲ್ಲು ಬಿಡುತ್ತಲೇ ಇದ್ದ ಮೇಷ್ಟ್ರ ಮುಖ ಮೊದಲ ಬಾರಿಗೆ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಿಟ್ಟಿತು.

ಆ ಮುಖ ನೋಡಿ ಕುಕ್ಕರ್‌ಗೆ ಹೊಟ್ಟೆಯ ಆಳದಿಂದ ಎಂಥದೋ ಒಂದು ಸುಖ ಉಕ್ಕಿ ಬಂತು. ಗೆದ್ದೆ! ಮುದುಕನ ಸೊಕ್ಕು ಮುರಿದೆ! ಹತ್ತೊಂಬತ್ತು ವರ್ಷದಲ್ಲಿ ಯಾರೂ ಕಾಣದಿದ್ದ ಅವನ ಹಲ್ಲು ಒಂದೊಂದಾಗಿ ಹೊರಗೆ ಬಂದವು.

ಕ್ಲಿಕ್!

ಇನ್ಸ್‌ಪೆಕ್ಟರ್ ಪರದೆಗೆ ಬಗ್ಗಿದರು. ಕೆಂಪಕ್ಷರದ ಬೋರ್ಡು, ಅದರ ಪಕ್ಕದಲ್ಲಿ ಕಿವಿಯವರೆಗೂ ಬಾಯಿ ತೆರೆದು ನಗುತ್ತಿರುವ ಯಜಮಾನ, ಮೂಲೆಯಲ್ಲಿ ಇವತ್ತಿನದೇ ತಾರೀಕು, ಐದು ಐವತ್ತೊಂಬತ್ತು.

“ರೀ” ಎಂದಳು ಹೆಂಡತಿ ಇಣುಕಿ ನೋಡಿ, “ನಮ್ಮ ಮದುವೆ ಆಲ್ಬಮ್ಮಲ್ಲೂ ನೀವು ಹೀಗೆ ನಕ್ಕಿಲ್ವಲ್ರೀ!”

ಇನ್ಸ್‌ಪೆಕ್ಟರ್ ಕೆಲಸಗಾರನ ಕಡೆ ತಿರುಗಿ, “ಆ ಮೊಳೆ ಮತ್ತೆ ಹೊಡಿಯಪ್ಪಾ, ಸ್ವಲ್ಪ ಗಟ್ಟಿಯಾಗೇ ಹೊಡಿ” ಎಂದರು.