ಒಂದು ಕುರ್ಚಿಯ ಶ್ರೀಮಂತಿಕೆ

ಬಡತನದ ಕಾರಣಕ್ಕೆ ಯಾವ ಮಗುವೂ ಪ್ರೌಢಶಾಲೆಯನ್ನು ಅರ್ಧಕ್ಕೆ ಬಿಡಬಾರದೆಂದು ನಮ್ಮಲ್ಲಿ ಒಂದು ಸಹಾಯಧನ ಕಚೇರಿ ಇದೆ. ಅರ್ಜಿ ಹಾಕಿದ ಪ್ರತಿಯೊಬ್ಬರ ಮನೆಗೂ ಅದು ಪರಿಶೀಲಕರನ್ನು ಕಳುಹಿಸುತ್ತದೆ. ಮೂರು ದಿನ ಮೊದಲೇ ಲಿಖಿತ ಸೂಚನೆಯನ್ನೂ ಕೊಡುತ್ತದೆ. ಬಡವರಾಗಿರಲು ಸಮಯ ಸಾಲಲಿಲ್ಲವೆಂದು ಯಾರೂ ದೂರಬಾರದು.

ಸೂಚನೆ ಟೈಲರಮ್ಮನಿಗೂ ಬಂತು. ಗಂಡ ತೀರಿಕೊಂಡ ಮೇಲೆ ಅವಳು ಒಂದೇ ಕೋಣೆಯ ಮನೆಯಲ್ಲಿ ಹೊಲಿಗೆ ಮಾಡುತ್ತ ಮಗಳನ್ನು ಒಂಬತ್ತನೇ ತರಗತಿವರೆಗೆ ಓದಿಸಿದ್ದಳು. ಸಹಾಯಧನ ಸಿಕ್ಕರೆ ಹತ್ತನೇ ತರಗತಿ, ಸಿಗದಿದ್ದರೆ ಅಮ್ಮನ ಪಕ್ಕ ಕೂತು ಗುಂಡಿ ಹೊಲಿಯುವುದು. ಇದು ತಾಯಿ ಮಗಳಿಬ್ಬರಿಗೂ ಗೊತ್ತಿತ್ತು.

ಮನೆಗೆ ದೊಡ್ಡವರು ಬರುತ್ತಾರೆಂದಾಗ ಮರ್ಯಾದಸ್ಥರು ಏನು ಮಾಡುತ್ತಾರೋ ಟೈಲರಮ್ಮನೂ ಅದನ್ನೇ ಮಾಡಿದಳು. ನೆಲ ತಿಕ್ಕಿದಳು. ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕಿದಳು. ಆಮೇಲೆ ಪಕ್ಕದ ಮನೆಗೆ, ಇಸ್ತ್ರಿ ಅಂಗಡಿಯ ಅಕ್ಕನ ಹತ್ತಿರ ಹೋದಳು.

“ಅಕ್ಕಾ, ನಿಮ್ಮ ಕುರ್ಚಿ ಒಂದು ಗಳಿಗೆ ಕೊಡ್ತೀರಾ? ಸಾಹೇಬರನ್ನ ನೆಲದ ಮೇಲೆ ಕೂರ್ಸೋದು ಹೇಗೆ?”

“ಅಯ್ಯೋ, ಬೀದಿ ಮಾನದ ಪ್ರಶ್ನೆ ಕಣೇ, ತಗೊಂಡು ಹೋಗು. ಬಲಗಡೆಗೆ ವಾಲಬೇಡಿ ಅಂತ ಹೇಳು, ಕೈ ಕಿತ್ತು ಬರುತ್ತೆ.”

ಪರಿಶೀಲಕರು ಬಂದರು. ಕುರ್ಚಿಯಲ್ಲಿ ಎಡಕ್ಕೆ ವಾಲಿ ಕೂತು, ಟೀ ಕುಡಿದು, ನಮೂನೆಯಲ್ಲಿ ಬರೆದುಕೊಂಡರು: “ಕುರ್ಚಿ: ಇದೆ.” ನಿಯಮ ಹದಿನಾಲ್ಕರ ಪ್ರಕಾರ ಕುರ್ಚಿ ಇರುವ ಮನೆಯಲ್ಲಿ ಕೂರುವಷ್ಟು ಪುರುಸೊತ್ತು ಇದೆಯೆಂದರ್ಥ, ಪುರುಸೊತ್ತು ಇರುವವರು ಬಡವರಲ್ಲ.

“ಸರ್, ಅದು ನಮ್ದಲ್ಲ, ಪಕ್ಕದ್ಮನೆ ಆಂಟೀದು,” ಎಂದಳು ಮಗಳು.

“ನಾನೀಗ ಯಾರ ಮನೇಲಿ ಕೂತಿದೀನಮ್ಮ?”

“ನಮ್ಮನೇಲಿ.”

“ಮತ್ತೆ?”

ಅಲ್ಲಿಂದ ಅವರು ಇಸ್ತ್ರಿ ಅಕ್ಕನ ಮನೆಗೆ ಹೋದರು. ಅವಳ ಮಗನೂ ಟೈಲರಮ್ಮನ ಮಗಳದೇ ತರಗತಿ, ಅವನದೂ ಅರ್ಜಿ ಇತ್ತು. ಅಲ್ಲಿ ಫ್ರಿಜ್ ಇತ್ತು, ಆದರೆ ನಮೂನೆ ಅಚ್ಚಾದ ಕಾಲಕ್ಕೆ ಫ್ರಿಜ್ ಬಂದಿರಲಿಲ್ಲವಾದ್ದರಿಂದ ಅದಕ್ಕೆ ಕಾಲಂ ಇರಲಿಲ್ಲ. ಕುರ್ಚಿ ಮಾತ್ರ ಎಲ್ಲೂ ಕಾಣಲಿಲ್ಲ. ಪರಿಶೀಲಕರು ಮನ ಕರಗಿ, ನಿಂತುಕೊಂಡೇ ಮಂಜೂರು ಮಾಡಿದರು.

ಮರುದಿನ ತಾಯಿ ಮಗಳು ಕಚೇರಿಗೆ ಹೋದರು. ಸೂಪರಿಂಟೆಂಡೆಂಟರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

“ವಾಪಸ್ ಕೊಟ್ಬಿಡಿ. ಕೊಟ್ಟಿದ್ದಕ್ಕೆ ಅವರ ಸಹಿ ತನ್ನಿ. ನಿಮ್ಮದು ಮಂಜೂರು, ಅವರದ್ದು ರದ್ದು.”

ಕುರ್ಚಿ ಹೊತ್ತು ತಂದರೆ ಇಸ್ತ್ರಿ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. “ನನ್ನ ಕುರ್ಚಿನಾ? ನಾನು ನೋಡೇ ಇಲ್ಲಮ್ಮ ಅದನ್ನ!”

ಕುರ್ಚಿ ಎರಡು ದಿನ ಬೀದಿಯಲ್ಲೇ ನಿಂತಿತು. ಮೂರನೆಯ ದಿನ ಕಚೇರಿಯಿಂದ ಎಚ್ಚರಿಕೆ ಪತ್ರ ಬಂತು: ಕುರ್ಚಿ ಬೀದಿಯಲ್ಲಿದ್ದರೆ ಬೀದಿಯ ಹದಿನೇಳೂ ಮನೆಯವರನ್ನು ಅನುಕೂಲಸ್ಥರೆಂದು ಪರಿಗಣಿಸಲಾಗುವುದು. ಟೈಲರಮ್ಮ ಗಾಬರಿಯಿಂದ ಅದನ್ನು ಒಳಗೆ ತಂದಿಟ್ಟು, ಮಗಳೊಂದಿಗೆ ಮತ್ತೆ ಕಚೇರಿಗೆ ಓಡಿದಳು.

“ಮುರಿದು ಒಲೆಗೆ ಹಾಕಿದ್ರೆ ಸರ್?” ಎಂದು ಮಗಳು ಕೇಳಿದಳು.

“ಆಸ್ತಿನ ಸುಟ್ಟುಹಾಕೋವಷ್ಟು ಅನುಕೂಲ ಇರೋರಿಗೆ ಸಹಾಯಧನ ಯಾಕಮ್ಮ?”

ಸೂಪರಿಂಟೆಂಡೆಂಟರು ಒಳ್ಳೆಯವರು, ಸ್ವತಃ ಬೀದಿಗೆ ಬಂದು ಸಭೆ ಸೇರಿಸಿದರು. ಅದೇ ಸಂಜೆ ಸುತ್ತೋಲೆ ಹೊರಟಿತು:

“ಸದರಿ ಬೀದಿಯ ಏಕೈಕ ಕುರ್ಚಿಯನ್ನು ಸರದಿಯಂತೆ ವರ್ಷಕ್ಕೊಂದು ಮನೆಯಲ್ಲಿ ಇರಿಸತಕ್ಕದ್ದು. ಆಯಾ ವರ್ಷ ಆ ಮನೆಯವರು ಶ್ರೀಮಂತರಾಗಿರತಕ್ಕದ್ದು. ಉಳಿದ ಹದಿನಾರು ಮನೆಗಳ ಮಕ್ಕಳು ನಿಶ್ಚಿಂತೆಯಿಂದ ಓದತಕ್ಕದ್ದು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಗೂ ಕುರ್ಚಿ ಅಲ್ಲೇ ಇದೆ, ಹೊತ್ತು ತಿರುಗುವುದೇಕೆ ಎಂದು ಮೊದಲ ವರ್ಷದ ಶ್ರೀಮಂತಿಕೆಯನ್ನು ಟೈಲರಮ್ಮನಿಗೇ ಒಪ್ಪಿಸಲಾಯಿತು. ಅವಳು ಎದ್ದು ಎಲ್ಲರಿಗೂ ಕೈಮುಗಿದಳು. ಬೇರೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಶಾಲೆ ಶುರುವಾದ ದಿನ ಬೆಳಗ್ಗೆ ಇಸ್ತ್ರಿ ಅಕ್ಕ ಬಂದಳು. ಹುಡುಗಿ ನೆಲದ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಬೇಜಾರು ಮಾಡ್ಕೋಬೇಡ ಪುಟ್ಟಿ. ಮುಂದಿನ ವರ್ಷ ಕುರ್ಚಿ ನಮ್ಮನೆಗೆ. ಆಗ ನೀನು ಆರಾಮಾಗಿ ಓದ್ಬಹುದು.”

“ಆಗ ನಿಮ್ಮ ಮಗ ಆಂಟಿ?”

“ಅವನಿಗೇನು, ಅಷ್ಟೊತ್ತಿಗೆ ಹತ್ತನೇದು ಮುಗಿದೇ ಹೋಗಿರುತ್ತೆ,” ಎಂದಳು ಅಕ್ಕ. “ಅಂದ ಹಾಗೆ, ನಿನ್ನ ಜಾಮೆಟ್ರಿ ಬಾಕ್ಸ್ ಕೊಟ್ಟಿರು. ಈ ವರ್ಷ ನಿನಗೇನು ಕೆಲಸ ಅದರದ್ದು?”

ಹುಡುಗಿ ಎದ್ದು ತಂದುಕೊಟ್ಟಳು. ಅಮ್ಮ ಹೊಲಿಗೆಯಿಂದ ತಲೆಯೆತ್ತದೆ, “ಒರೆಸಿ ಕೊಡೇ, ಧೂಳು ಕೂತಿರುತ್ತೆ,” ಎಂದಳು.