ಅತ್ತಿಗೆಯ ರಿಪೋರ್ಟು, ಅಣ್ಣನ ಸರದಿ

ನಮ್ಮ ಅವ್ವನ ಪ್ರಕಾರ ರಕ್ತಪರೀಕ್ಷೆ ಎಂದರೆ ಸಕ್ಕರೆ ಪರೀಕ್ಷೆ. ಅವಳಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಜಗತ್ತಿನಲ್ಲಿ ಬೇರೆ ಪರೀಕ್ಷೆಯೇ ಇಲ್ಲ. ದುರ್ಗಾ ಅತ್ತಿಗೆಗೆ ಡಾಕ್ಟರಮ್ಮ ಪ್ರೊಜೆಸ್ಟೆರಾನ್ ಪರೀಕ್ಷೆ ಬರೆದಾಗ, ಅವ್ವ ಹಿಂದಿನ ದಿನದಿಂದಲೇ ಸೊಸೆಯನ್ನು ಉಪವಾಸ ಕೆಡವಿದಳು.

"ಇದಕ್ಕ ಖಾಲಿ ಹೊಟ್ಟಿ ಬೇಕಿಲ್ರಿ," ಎಂದ ಲ್ಯಾಬಿನವನು. "ಮುಂದಿನ ಮುಟ್ಟಿಗೆ ಒಂದು ವಾರ ಮುಂಚೆ ಬರಬೇಕು. ಸರಿಯಾಗೇ ಬಂದೀರಿ."

ಅತ್ತಿಗೆ ಅಲ್ಲೇ ಕೂತು, ಜೊತೆಗೆ ಹೋಗಿದ್ದ ನನ್ನ ಊಟದ ಡಬ್ಬಿಯ ಚಿತ್ರಾನ್ನ ಮುಗಿಸಿದಳು. (ಉಪವಾಸ ನನ್ನ ಪಾಲಿಗೆ ಬಂತು.)

ಮದುವೆಯಾಗಿ ನಾಲ್ಕು ವರ್ಷವಾದರೂ ಅವಳಿಗೆ ಮಕ್ಕಳಿಲ್ಲ. ರಿಪೋರ್ಟು ಕೆಟ್ಟದಾಗಿ ಬಂದರೆ ಹನುಮಂತು ಅಣ್ಣನಿಗೆ ಗುಮ್ಮಘಟ್ಟದಿಂದ ಎರಡನೇ ಹೆಣ್ಣು ತರುವುದಾಗಿ ಅವ್ವ ಓಣಿಗೆಲ್ಲ ರಾಜಾಜ್ಞೆ ಹೊರಡಿಸಿದ್ದಳು.

ರಿಪೋರ್ಟು ಬಂತು. ಡಾಕ್ಟರಮ್ಮನಿಗೆ ತೋರಿಸಿ, ಅವರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಬಂದೆವು.

"ಹೆಚ್ಚು ಬಂದೈತೋ, ಕಮ್ಮಿ ಬಂದೈತೋ?"

"ಹೆಚ್ಚು, ಅವ್ವಾ."

ಅವ್ವ ಹಣೆ ಬಡಿದುಕೊಂಡಳು. "ಹೆಚ್ಚಾತಾ! ಮುಗೀತು ಬಿಡು. ಗುಮ್ಮಘಟ್ಟದ ಆಟೋ ಎಷ್ಟೊತ್ತಿಗೈತಿ?"

"ಅದು ಸಕ್ಕರಿ ಅಲ್ಲವ್ವಾ! ಅಂಡ ಬಿಡುಗಡೆ ಆದಮ್ಯಾಲೆ ಈ ಹಾರ್ಮೋನು ಏರ್ತೈತಿ. ಏರೈತಿ ಅಂದ್ರ ಈ ತಿಂಗಳು ಅಂಡ ಬಂದೈತಿ. ಇದು ಚಲೋದು."

"ಹತ್ತನೇ ಕ್ಲಾಸಿಗೇ ಶಾಲಿ ಬಿಟ್ಟಾಕಿ ನೀ, ಡಾಕ್ಟರೇನು?"

"ಶಾಲಿ ಬಿಟ್ಟೀನಿ, ಕಿವಿ ಬಿಟ್ಟಿಲ್ಲ. ಇನ್ನ ಅಣ್ಣನೂ ಪರೀಕ್ಷೆ ಮಾಡಿಸ್ಬೇಕಂತ."

ಅತ್ತಿಗೆ ಮೆಲ್ಲಗೆ ನನ್ನ ಕೈ ಹಿಡಿದಳು. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಮಗಗೇನಾಗೈತಿ? ಅಷ್ಟು ಧೈರ್ಯ ಇದ್ರ ನೀನೇ ಹೇಳು ಅವಗ."

ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಲೂ ನಾಚುವವಳು ನಾನು. ಅದು ಅವ್ವನಿಗೆ ಗೊತ್ತು. ಅದಕ್ಕೇ ಹೇಳಲು ನಿರ್ಧರಿಸಿದೆ.

ಓನರು ಗೋಪಣ್ಣನ ಜೀನ್ಸ್ ಯೂನಿಟ್ಟಿನಲ್ಲಿ ಅಣ್ಣ ಟೈಲರು; ಅಲ್ಲೇ ನಾನು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತೇನೆ. ಅಲ್ಲಿನ ಮಿಷನ್ನುಗಳ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ನಾಚಿಕೆಯವರಿಗೆ ಇದಕ್ಕಿಂತ ಸುರಕ್ಷಿತ ಜಾಗ ರಾಯದುರ್ಗದಲ್ಲೇ ಇಲ್ಲವೆಂದು ಲೆಕ್ಕ ಹಾಕಿ, ಅಣ್ಣನ ಕಿವಿಯ ಹತ್ತಿರ ಹೋಗಿ ಗಂಟಲು ಕಿತ್ತುಬರುವಂತೆ ಕೂಗಿದೆ:

"ಅಣ್ಣಾ! ಅತ್ತಿಗಿ ರಿಪೋರ್ಟು ಚಲೋ ಐತಿ!"

ಕರೆಂಟು ಹೋಯಿತು.

"ಇನ್ನ ನೀನು ಗಂಡಸರ ಪರೀಕ್ಷೆ ಮಾಡಿಸ್ಬೇಕಂತ!"

ಈ ಎರಡನೆಯ ಸಾಲು ನಿಶ್ಶಬ್ದದಲ್ಲಿ ಮೊಳಗಿತು. ಟೈಲರುಗಳೆಲ್ಲ ಒಟ್ಟಿಗೆ ತಲೆ ಎತ್ತಿದರು. ಅಣ್ಣ ಮಾತ್ರ ಅರ್ಧ ಹೊಲಿದ ಪ್ಯಾಂಟಿನೊಳಗೆ ಮುಖ ಹುದುಗಿಸಿದ.

"ಸುಮ್ಕಿರವ್ವಾ! ಮಂದಿ ಕೇಳ್ತಾರ!"

ನಾನು ಆ ಪ್ಯಾಂಟಿಗೇ ಹೇಳಿದೆ: "ಓಣಿಯಾಗ ಅತ್ತಿಗಿಗೆ ಬಂಜಿ ಅಂದಾಗ ಮಂದಿ ಕೇಳ್ಲಿಲ್ಲೇನು?"

ಅಣ್ಣ ಪ್ಯಾಂಟಿನೊಳಗಿಂದಲೇ ಹೇಳಿದ: "ನಾಳೆ ಹೋಗ್ತೀನಿ ಮಾರಾಯ್ತಿ. ಆಣಿ ಮಾಡ್ತೀನಿ."

ಗೆದ್ದೆ. ಇನ್ನು ಜನ್ಮದಲ್ಲಿ ಈ ಮಾತು ಎತ್ತುವ ಗೋಜಿಲ್ಲವೆಂದು ನನ್ನ ಮೂಲೆಗೆ ಓಡಿ ಕತ್ತರಿ ಹಿಡಿದೆ. ಹಿಂದಿನಿಂದ ಯಾರೋ ಕೆಮ್ಮಿದರು. ನೋಡಿದರೆ ಓನರು ಗೋಪಣ್ಣ. ಡೀಸೆಲ್ಲು ದಂಡವೆಂದು ಈವರೆಗೆ ನಮಗಾಗಿ ಒಮ್ಮೆಯೂ ಜನರೇಟರ್ ಮುಟ್ಟದ ಮಹಾನುಭಾವ. ಬಗ್ಗಿ, ಬಹಳ ಮೆಲ್ಲಗೆ ಅಂದ:

"ಸಂಧ್ಯಾ, ಇಲ್ಲೇ ಇರವ್ವಾ. ಜನರೇಟರ್ ಹಾಕಿಸ್ತೀನಿ, ಮಿಷನ್ನಿನ ಗದ್ದಲ ಶುರುವಾಗ್ಲಿ. ಆಮ್ಯಾಲೆ, ಆ ಪರೀಕ್ಷೆ ಎಲ್ಲಿ ಮಾಡ್ತಾರ ಅಂತ ನನಗೂ ಸ್ವಲ್ಪ ಹೇಳು."